ತೇಪೆ ಹಾಕುವವರು ಇರುವ ತನಕ

2025ರ ಮೇ ತಿಂಗಳ ಮೊದಲ ವಾರ. ಶಿರಸಿಯಿಂದ ಒಳಗೆ ಹೋಗುವ ದಾರಿಯಲ್ಲಿರುವ ಒಂದು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಫೋನ್ ಮಾಡಿದ್ದರು. ಬೇಸಿಗೆ ರಜೆ ನಡೆದಿತ್ತು. ಆದರೂ ಅವರು ಕಂಪ್ಯೂಟರ್ ಕೋಣೆಯ ಬೀಗ ತೆಗೆದು ಒಳಗೆ ಕೂತಿದ್ದರು.

"ಸರ್, ಹತ್ತೂ ಕಂಪ್ಯೂಟರಿನಲ್ಲಿ ಅದೇ ಕಿಟಕಿ ಬರ್ತಾ ಉಂಟು. ಹೊಸ ಆವೃತ್ತಿ ಬಂದಿದೆ, ಹಾಕ್ಕೊಳ್ತೀರಾ ಅಂತ ಕೇಳ್ತದೆ. ಮೂರು ವರ್ಷದಿಂದ ನಾನು 'ಆಮೇಲೆ ಕೇಳು' ಅನ್ನೋದನ್ನೇ ಒತ್ತುತ್ತಾ ಬಂದಿದ್ದೇನೆ. ಈಗ ಯಾರೋ ಹೇಳಿದ್ರು, ಈ ತಿಂಗಳ ಕೊನೆಗೆ ನಮ್ಮದರ ಅವಧಿ ಮುಗೀತದಂತೆ. ಒತ್ತಲಾ, ಬೇಡ್ವಾ?"

"ಸದ್ಯಕ್ಕೆ ಏನನ್ನೂ ಒತ್ತಬೇಡಿ ಮೇಡಂ. ಶನಿವಾರ ಬರ್ತೇನೆ," ಅಂದೆ.

ಪ್ರಶ್ನೆ ಸಣ್ಣದು. ಉತ್ತರ ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣದಲ್ಲ. ಹಳೆಯದರಲ್ಲೇ ಇರುವುದು ಕ್ಷೇಮವೋ, ಹೊಸದಕ್ಕೆ ಹೋಗುವುದು ಕ್ಷೇಮವೋ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ವರ್ಷ ನನ್ನ ಮತ್ತು ಊರಿನವರ ಕಂಪ್ಯೂಟರುಗಳನ್ನು ನೋಡಿಕೊಂಡ ಮೇಲೆ ನಾನು ಮೊದಲು ಕೇಳುವ ಪ್ರಶ್ನೆಯೇ ಬದಲಾಗಿದೆ. ಈ ತಂತ್ರಾಂಶ ಹರಿದಾಗ ತೇಪೆ ಹಾಕುವವರು ಯಾರು, ಎಲ್ಲಿಯ ತನಕ ಹಾಕುತ್ತಾರೆ, ಹಾಕಿದ ತೇಪೆ ನಮ್ಮ ಯಂತ್ರಕ್ಕೆ ಬಂದು ಮುಟ್ಟುತ್ತಿದೆಯೇ?

ಶಾಲೆಯ ಕಂಪ್ಯೂಟರುಗಳಲ್ಲಿ ಇದ್ದದ್ದು ಉಬುಂಟು 20.04, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಒಂದು ರೂಪ. ಉಬುಂಟುವಿನ ಆವೃತ್ತಿಯ ಸಂಖ್ಯೆಯೇ ಅದರ ಜನ್ಮದಿನ. ಚುಕ್ಕಿಯ ಮೊದಲಿರುವುದು ವರ್ಷ, ಆಮೇಲಿನದು ತಿಂಗಳು. ಅಂದರೆ ಇದು 2020ರ ಏಪ್ರಿಲ್‌ನಲ್ಲಿ ಹುಟ್ಟಿದ್ದು. ಮೊಟ್ಟಮೊದಲ ಉಬುಂಟು 4.10, 2004ರ ಅಕ್ಟೋಬರಿನದು. ಅಲ್ಲಿಂದ ಆರಾರು ತಿಂಗಳಿಗೊಂದು ಆವೃತ್ತಿ ಬರತೊಡಗಿತು. ಮನೆಯಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡು ಹೊಸತನ್ನೆಲ್ಲ ನೋಡುವ ಹುರುಪಿನವರಿಗೆ ಅದು ಸಂಭ್ರಮ. ನೂರು ಕಂಪ್ಯೂಟರ್ ನೋಡಿಕೊಳ್ಳಬೇಕಾದ ಕಚೇರಿಗೆ ಮಾತ್ರ ವರ್ಷಕ್ಕೆ ಎರಡು ಸಲ ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಅಂಥವರಿಗೆಂದೇ 2006ರಲ್ಲಿ 6.06 ಬಂತು. ಉಬುಂಟುವಿನ ಮೊದಲ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ. ಏಪ್ರಿಲ್‌ನಲ್ಲಿ ಬರಬೇಕಿದ್ದ ಅದನ್ನು ಇನ್ನಷ್ಟು ಹದಗೊಳಿಸಬೇಕೆಂದು ಆರು ವಾರ ತಡೆದರು. ಆ ತಡ ಅದರ ಹೆಸರಿನಲ್ಲೇ ಉಳಿದಿದೆ. ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಬಂದ 8.04ರಿಂದ 24.04ರವರೆಗಿನ ಎಲ್‌ಟಿಎಸ್‌ಗಳೆಲ್ಲ ಏಪ್ರಿಲಿನವು, ಅದೊಂದು ಜೂನಿನದು. ಮೊದಲು ಸರ್ವರುಗಳಿಗೆ 5 ವರ್ಷ, ಮೇಜಿನ ಕಂಪ್ಯೂಟರುಗಳಿಗೆ 3 ವರ್ಷ ಬೆಂಬಲ ಕೊಡುತ್ತಿದ್ದರು. 12.04ರಿಂದ ಎರಡಕ್ಕೂ 5 ವರ್ಷ. ನಡುನಡುವೆ ಬರುವ ಸಾಮಾನ್ಯ ಆವೃತ್ತಿಗಳಿಗೆ ಈಗ ಒಂಬತ್ತೇ ತಿಂಗಳು.

ಐದು ವರ್ಷ ಬೆಂಬಲ ಅಂದರೆ ಏನು ಮಾಡುತ್ತಾರೆ? ಇದನ್ನು ತಿಳಿದುಕೊಳ್ಳದೆ ನಿರ್ಧಾರ ಮಾಡಲು ಹೋಗಬಾರದು.

ಐಬಿಎಂನ ಓಎಸ್/360 ಎಂಬ ಭಾರೀ ಕಾರ್ಯಾಚರಣ ವ್ಯವಸ್ಥೆಯ ತಯಾರಿಕೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ 'ದ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ಒಂದು ದೋಷವನ್ನು ಸರಿಪಡಿಸುವಾಗ ಇನ್ನೊಂದು ದೋಷ ಹೊಕ್ಕುವ ಸಂಭವ ಶೇಕಡ 20ರಿಂದ 50ರಷ್ಟು ಇರುತ್ತದೆ ಎಂದು ಅದರಲ್ಲಿ ಅವರು ಹೇಳುತ್ತಾರೆ. ಹಾಗಾದರೆ ತಂತ್ರಾಂಶದ ಮಟ್ಟಿಗೆ ಬದಲಾವಣೆಯೇ ಒಂದು ಅಪಾಯ. ಎಲ್‌ಟಿಎಸ್ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಬಿಡುಗಡೆಯ ದಿನ ಪ್ರತಿಯೊಂದು ತಂತ್ರಾಂಶ ಯಾವ ಆವೃತ್ತಿಯಲ್ಲಿದೆಯೋ ಅಲ್ಲೇ ಅದನ್ನು ನಿಲ್ಲಿಸುತ್ತಾರೆ. ಮುಂದಿನ ಐದು ವರ್ಷ ಅದಕ್ಕೆ ಹೊಸ ಸೌಲಭ್ಯ ಸೇರಿಸುವುದಿಲ್ಲ. ಭದ್ರತೆಯ ತೂತುಗಳನ್ನೂ ದೊಡ್ಡ ದೋಷಗಳನ್ನೂ ಮಾತ್ರ ಮುಚ್ಚುತ್ತಾ ಹೋಗುತ್ತಾರೆ.

ನಮ್ಮ ಕಡೆಯ ಹಂಚಿನ ಮನೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸುವವರು ಬರುತ್ತಾರೆ. ಒಡೆದ ಹಂಚು ತೆಗೆದು ಬೇರೆ ಹಂಚು ಇಡುತ್ತಾರೆ, ಸರಿದದ್ದನ್ನು ಕೂಡಿಸುತ್ತಾರೆ, ಗೆದ್ದಲು ಹಿಡಿದ ರೀಪು ಕಂಡರೆ ಅಷ್ಟನ್ನೇ ಬದಲಿಸುತ್ತಾರೆ. ಮನೆಯ ನಕ್ಷೆಗೆ ಕೈ ಹಚ್ಚುವುದಿಲ್ಲ. ಕೈಯಾಡಿಸುವವರು ವರ್ಷವೂ ಬರುವ ಎಂಬತ್ತು ವರ್ಷದ ಮನೆ ಸೋರುವುದಿಲ್ಲ. ಯಾರೂ ಹತ್ತದ ಹತ್ತು ವರ್ಷದ ಮನೆ ಸೋರುತ್ತದೆ.

ತಂತ್ರಾಂಶದ ಲೋಕದಲ್ಲಿ ಈ ಕೈಯಾಡಿಸುವಿಕೆಗೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಹೊಸ ಆವೃತ್ತಿಯಲ್ಲಿ ಮಾಡಿದ ಪರಿಹಾರವನ್ನು ಹಳೆಯ ಆವೃತ್ತಿಯ ಅಳತೆಗೆ ಕತ್ತರಿಸಿ ಹೊಲಿಯುವ ಕೆಲಸ ಅದು. ಇದರ ಮಹತ್ವ ನನಗೆ ಮನದಟ್ಟಾದದ್ದು 2014ರ ಏಪ್ರಿಲ್‌ನಲ್ಲಿ, ಹಾರ್ಟ್‌ಬ್ಲೀಡ್ ಬಯಲಾದಾಗ. ಆ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬ್ಯಾಂಕಿನ ಜಾಲತಾಣವನ್ನೋ ಮಿಂಚಂಚೆಯನ್ನೋ ತೆರೆದಾಗ ನಿಮ್ಮ ಕಂಪ್ಯೂಟರೂ ಆ ಕಡೆಯ ಸರ್ವರೂ ಗೂಢಲಿಪಿಯಲ್ಲಿ ಮಾತಾಡುತ್ತವೆ. ಬಹಳಷ್ಟು ಸರ್ವರುಗಳಲ್ಲಿ ಆ ಕೆಲಸ ಮಾಡುವುದು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ. ಸಂಪರ್ಕ ಇನ್ನೂ ಇದೆಯೇ ಎಂದು ನೋಡಿಕೊಳ್ಳಲು ಅದರಲ್ಲಿ ಒಂದು ಸೌಲಭ್ಯ ಸೇರಿಸಿದ್ದರು. ಒಂದು ಕಡೆಯಿಂದ "ಇಗೋ ನಾಲ್ಕಕ್ಷರದ ಒಂದು ಮಾತು, ಹಾಗೇ ಹಿಂತಿರುಗಿಸು" ಎಂದರೆ ಇನ್ನೊಂದು ಕಡೆ ಅದನ್ನು ಹಿಂತಿರುಗಿಸಬೇಕು. ಎದೆಬಡಿತ ಎಂದೇ ಅದಕ್ಕೆ ಹೆಸರು. ಕೇಳಿದವರು ಹೇಳಿದ ಉದ್ದ ನಿಜವೇ ಎಂದು ಪರೀಕ್ಷಿಸುವ ಸಾಲು ಮಾತ್ರ ಅಲ್ಲಿ ಇರಲಿಲ್ಲ. ನಾಲ್ಕಕ್ಷರ ಕಳಿಸಿ "ಇದು ಅರುವತ್ತು ಸಾವಿರ ಅಕ್ಷರ" ಎಂದು ಸುಳ್ಳು ಹೇಳಿದರೆ, ಸರ್ವರ್ ತನ್ನ ನೆನಪಿನ ಕೋಶದಲ್ಲಿ ಆ ನಾಲ್ಕಕ್ಷರದ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಕೊಡುತ್ತಿತ್ತು. ಪಕ್ಕದಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು, ಸರ್ವರಿನ ಗುಪ್ತ ಕೀಲಿಯೇ ಇರಬಹುದು.

ಈ ಸೌಲಭ್ಯ ಬಂದದ್ದು ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ, 2012ರ ಮಾರ್ಚ್‌ನಲ್ಲಿ. ಮರುತಿಂಗಳೇ ಬಿಡುಗಡೆಯಾದ ಉಬುಂಟು 12.04 ಅದನ್ನು ಒಳಗೊಂಡಿತ್ತು. ಅದಕ್ಕೂ ಹಳೆಯ ಎಲ್‌ಟಿಎಸ್ ಆದ 10.04ರಲ್ಲಿ ಇದ್ದದ್ದು 0.9.8. ಅದರಲ್ಲಿ ಎದೆಬಡಿತವೂ ಇರಲಿಲ್ಲ, ಅದರ ತೂತೂ ಇರಲಿಲ್ಲ. ಹೊಸದಕ್ಕೆ ಹೋದವರು ಗಾಬರಿಯಿಂದ ಓಡಾಡಿದ ಆ ವಾರ 10.04ರಲ್ಲೇ ಉಳಿದಿದ್ದ ಸರ್ವರುಗಳಿಗೆ ಈ ಬಾಧೆ ತಟ್ಟಲಿಲ್ಲ.

ತೇಪೆ ಬಂದ ಬಗೆಯೂ ತಿಳಿಯಬೇಕಾದದ್ದು. ಓಪನ್‌ಎಸ್‌ಎಸ್‌ಎಲ್‌ನವರು 1.0.1ಜಿ ಎಂಬ ಹೊಸ ಆವೃತ್ತಿ ಹೊರತಂದರು. ಉಬುಂಟುವಿನವರು 12.04ಕ್ಕೆ ಆ ಆವೃತ್ತಿಯನ್ನು ಕೊಡಲಿಲ್ಲ. ತಮ್ಮಲ್ಲಿದ್ದ ಹಳೆಯ 1.0.1ಕ್ಕೇ ಆ ಪರೀಕ್ಷೆಯ ಸಾಲುಗಳನ್ನು ಹೊಲಿದು ಕಳಿಸಿದರು. ತಂತ್ರಾಂಶ ಬರುವ ಪೊಟ್ಟಣದ (ಪ್ಯಾಕೇಜ್) ಪೂರ್ತಿ ಹೆಸರಿನ ಬಾಲದಲ್ಲಿ 'ಉಬುಂಟು5.12' ಎಂಬ ಗುರುತು ಸೇರಿತು, ಅಷ್ಟೇ. ಆವೃತ್ತಿ ಯಾವುದೆಂದು ಕೇಳಿದರೆ ಯಂತ್ರ ಮೊದಲಿನಂತೆಯೇ 1.0.1 ಎನ್ನುತ್ತಿತ್ತು. ತೂತು ಮುಚ್ಚಿದ್ದರೂ ಮುಚ್ಚಿಲ್ಲವೆಂದು ಹೆದರಿದವರು ಎಷ್ಟೋ ಮಂದಿ.

ಅದೇ ಹೆದರಿಕೆ ಇವತ್ತಿಗೂ ನಡೆದುಬಂದಿದೆ. ಉಬುಂಟು 20.04ರಲ್ಲಿರುವುದು ಓಪನ್‌ಎಸ್‌ಎಸ್‌ಎಲ್ 1.1.1ಎಫ್. ಆ ಸರಣಿಗೆ ಮೂಲ ತಯಾರಕರು 2023ರ ಸೆಪ್ಟೆಂಬರಿನಲ್ಲೇ ಉಚಿತ ಬೆಂಬಲ ನಿಲ್ಲಿಸಿದರು. ಆದರೂ ಉಬುಂಟುವಿನ ಭದ್ರತಾ ತಂಡ ತನ್ನ ಮಾತಿನ ಅವಧಿ ಮುಗಿಯುವ ತನಕ ಅದಕ್ಕೆ ತೇಪೆ ಹಾಕುತ್ತಲೇ ಇತ್ತು. ಆವೃತ್ತಿಯ ಸಂಖ್ಯೆಯನ್ನಷ್ಟೇ ನೋಡಿ ಕೆಂಪು ಗುರುತು ಹಾಕುವ ತಪಾಸಣಾ ತಂತ್ರಾಂಶಗಳು ಬೇಕಾದಷ್ಟಿವೆ. ಅವುಗಳ ವರದಿ ಹಿಡಿದು "ತಕ್ಷಣ ಅಪ್‌ಗ್ರೇಡ್ ಮಾಡಿ" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಬಾಲದ ಅಂಕಿ ಓದಿ.

ಹೀಗೆಂದು ಹಳೆಯದೆಲ್ಲ ಗಟ್ಟಿ ಎಂದುಕೊಳ್ಳಬಾರದು. 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಸುಡೊ ಎಂಬ ತಂತ್ರಾಂಶದಲ್ಲಿ ಒಂದು ತೂತು ಕಂಡುಹಿಡಿದರು. ಲಿನಕ್ಸ್ ಯಂತ್ರದಲ್ಲಿ ಸಾಮಾನ್ಯ ಬಳಕೆದಾರರಿಗೆ ಯಜಮಾನನ ಅಧಿಕಾರ ಕೊಡುವ ಬಾಗಿಲು ಈ ಸುಡೊ. ತೂತು ಅದರೊಳಗೆ ಸೇರಿದ್ದು 2011ರ ಜುಲೈನಲ್ಲಿ. ಹತ್ತಿರಹತ್ತಿರ ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಮಲಗಿತ್ತು. ಮರುವರ್ಷ ಅಂಥದೇ ಕೆಲಸದ ಪೋಲ್‌ಕಿಟ್‌ನಲ್ಲಿ ಸಿಕ್ಕ ಇನ್ನೊಂದು ತೂತು 2009ರಿಂದ ಇದ್ದದ್ದು. ತುಂಬ ಕಾಲ ಬಳಕೆಯಲ್ಲಿದ್ದ ಮಾತ್ರಕ್ಕೆ ಯಾವ ತಂತ್ರಾಂಶವೂ ಪೂರ್ತಿ ಪಕ್ವವಾಗಿರುವುದಿಲ್ಲ. ಹೊಸದರಲ್ಲಿ ಹೊಸ ದೋಷ, ಹಳೆಯದರಲ್ಲಿ ಅಡಗಿದ ದೋಷ. ಅಡಗಿದ್ದು ಬಯಲಾದ ದಿನ ನಿಮ್ಮ ಆವೃತ್ತಿಗೆ ತೇಪೆ ಹಾಕುವವರು ಕೆಲಸದಲ್ಲಿದ್ದರೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಶಿಕ್ಷಕಿ ಮೂರು ವರ್ಷ 'ಆಮೇಲೆ ಕೇಳು' ಒತ್ತಿದ್ದು ಸರಿಯಾದ ನಿರ್ಧಾರವೇ. 2025ರ ಮೇ ಕೊನೆಯ ನಂತರವೂ ಅದನ್ನೇ ಒತ್ತಿದ್ದರೆ ತಪ್ಪಾಗುತ್ತಿತ್ತು. ಗುಂಡಿ ಅದೇ, ಆದರೆ ಅದರ ಅರ್ಥ ಬೇರೆಯಾಗಿರುತ್ತಿತ್ತು.

ಶನಿವಾರ ಹೋದೆ. ಉದ್ದನೆಯ ಕೋಣೆ, ಕಿಟಕಿಯ ಪಕ್ಕ ಸಾಲಾಗಿ ಹತ್ತು ಯಂತ್ರಗಳು, ಪ್ರತಿಯೊಂದಕ್ಕೂ ಹೊಲಿದ ಬಟ್ಟೆಯ ಮುಸುಕು. ಮೊದಲ ಯಂತ್ರ ಚಾಲೂ ಮಾಡಿ ನಾನು ತೆರೆದದ್ದು ಅಪ್‌ಗ್ರೇಡಿನ ಕಿಟಕಿಯನ್ನಲ್ಲ, ಆಪ್ಟ್ ಎಂಬ ಪೊಟ್ಟಣ ನಿರ್ವಾಹಕದ ದಿನಚರಿಯನ್ನು. ಯಾವ ದಿನ ಯಾವ ತೇಪೆ ಬಂದು ಕೂತಿತು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಕೊನೆಯ ಸಾಲು ಎಂಟು ತಿಂಗಳ ಹಿಂದಿನದು.

ಕಾರಣ ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ಶಾಲೆಯ ತಂತಿ ಸಂಪರ್ಕ ಹಿಂದಿನ ಮಳೆಗಾಲದಲ್ಲಿ ಕಡಿದುಹೋಗಿತ್ತು. ಅಲ್ಲಿಂದೀಚೆಗೆ ಮೇಡಂ ತಮ್ಮ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಪಾಠಕ್ಕೆ ಬೇಕಾದಷ್ಟು ಹೊತ್ತು ಮಾತ್ರ ಜೋಡಿಸುತ್ತಿದ್ದರು. ಭದ್ರತಾ ತೇಪೆಗಳು ತಾವಾಗಿಯೇ ಇಳಿಯುವ ವ್ಯವಸ್ಥೆ ಉಬುಂಟುವಿನಲ್ಲಿ ಇದೆ. ಅದಕ್ಕೆ ಬೇಕಾದಷ್ಟು ಸಮಯವೂ ಡೇಟಾವೂ ಸಿಕ್ಕಿರಲಿಲ್ಲ. ಹೀಗಾಗಿ ಬೆಂಬಲದ ಅವಧಿ ಇನ್ನೂ ಇದ್ದಾಗಲೇ ಈ ಯಂತ್ರಗಳು ಎಂಟು ತಿಂಗಳಿಂದ ಬೆಂಬಲವಿಲ್ಲದೆ ನಡೆಯುತ್ತಿದ್ದವು.

2017ರ ಮೇ 12ರಂದು ಜಗತ್ತನ್ನೇ ಕಂಗೆಡಿಸಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಇದೇ ಪಾಠವನ್ನು ಬಹಳ ದುಬಾರಿಯಾಗಿ ಕಲಿಸಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಯೇ ಕಾರಣ ಎಂದು ಬಹಳ ಜನ ಬರೆದರು. ಸೋಂಕು ತಗಲಿದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು, ಅದಕ್ಕೆ ಆಗ ಬೆಂಬಲ ಇನ್ನೂ ಇತ್ತು. ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳಾದರೂ ಅದು ಆ ಯಂತ್ರಗಳನ್ನು ಮುಟ್ಟಿರಲಿಲ್ಲ. ಆದ್ದರಿಂದ ಅಪ್‌ಗ್ರೇಡ್ ಮಾಡಬೇಕೇ ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು ಕೊನೆಯ ತೇಪೆ ಯಾವಾಗ ಬಂತು ಎಂದು. ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಹೊಸ ಆವೃತ್ತಿ ಹಾಕಿಯೂ ಪ್ರಯೋಜನವಿಲ್ಲ. ಎಂಟು ತಿಂಗಳಲ್ಲಿ ಅದೂ ಹೀಗೇ ಆಗುತ್ತದೆ.

ಅವತ್ತು ಇನ್ನೊಂದನ್ನೂ ಮೇಡಂಗೆ ತೋರಿಸಿದೆ. ನನಗೆ ಹೆಚ್ಚು ಕಳವಳ ತರುವುದೂ ಇದೇ. ಉಬುಂಟುವಿನ ಉಗ್ರಾಣದಲ್ಲಿ ಎರಡು ದೊಡ್ಡ ವಿಭಾಗಗಳಿವೆ. ಮೇನ್ ಎಂಬುದರಲ್ಲಿ ಸುಮಾರು 2,300 ಪೊಟ್ಟಣಗಳು. ಯೂನಿವರ್ಸ್ ಎಂಬುದರಲ್ಲಿ ಸುಮಾರು 23,000. ಐದು ವರ್ಷ ತೇಪೆ ಹಾಕುತ್ತೇವೆ ಎಂದು ಉಬುಂಟುವನ್ನು ತಯಾರಿಸುವ ಕೆನಾನಿಕಲ್ ಕಂಪನಿ ಮಾತು ಕೊಡುವುದು ಮೇನ್ ವಿಭಾಗಕ್ಕೆ. ಯೂನಿವರ್ಸ್‌ನದು ಸ್ವಯಂಸೇವಕರ ಕೈಲಾದಷ್ಟು. ಯಾರಾದರೂ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಕಾರ್ಯಾಚರಣ ವ್ಯವಸ್ಥೆಯ ತಿರುಳು ಮೇನ್‌ನಲ್ಲಿದೆ, ಲಿಬ್ರೆಆಫೀಸ್ ಅಲ್ಲಿದೆ. ಆದರೆ ಮಕ್ಕಳು ಮುಗಿಬಿದ್ದು ಆಡುವ ಜಿಕಾಂಪ್ರಿಸ್, ಪಾಠದ ವಿಡಿಯೋ ತೋರಿಸುವ ವಿಎಲ್‌ಸಿ ಎರಡೂ ಯೂನಿವರ್ಸ್‌ನವು. ಯಾರೋ ಕಳಿಸಿದ ವಿಡಿಯೋ ಕಡತವನ್ನು ದಿನಬೆಳಗಾದರೆ ತೆರೆಯುವ ತಂತ್ರಾಂಶಕ್ಕೇ ಖಚಿತವಾದ ತೇಪೆಯ ಭರವಸೆ ಇಲ್ಲ ಎಂದರೆ ಅದು ಸಣ್ಣ ವಿಷಯವಲ್ಲ. ಎಲ್‌ಟಿಎಸ್ ಎಂಬ ಮೂರಕ್ಷರ ಯಂತ್ರದಲ್ಲಿರುವ ಎಲ್ಲದಕ್ಕೂ ಅನ್ವಯಿಸುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ.

ಉಬುಂಟು ಪ್ರೊ ಎಂಬ ಯೋಜನೆ ಈ ಕೊರತೆಯನ್ನು ತುಂಬುತ್ತದೆ. ಅದಕ್ಕೆ ಸೇರಿದರೆ ಯೂನಿವರ್ಸ್‌ಗೂ ತೇಪೆ ಸಿಗುತ್ತದೆ, ಅವಧಿಯೂ 5ರಿಂದ 10 ವರ್ಷಕ್ಕೆ ಏರುತ್ತದೆ. ಸ್ವಂತ ಬಳಕೆಗೆ ಐದು ಯಂತ್ರಗಳ ತನಕ ಅದು ಉಚಿತ. ಮನೆಯಲ್ಲಿ 20.04 ಇಟ್ಟುಕೊಂಡು ನೆಮ್ಮದಿಯಾಗಿರುವವರಿಗೆ ಇದು ಒಳ್ಳೆಯ ದಾರಿ. ನನ್ನ ಅಣ್ಣನ ಮನೆಯ ಕಂಪ್ಯೂಟರಿಗೆ ನಾನು ಮಾಡಿಕೊಟ್ಟದ್ದು ಇದನ್ನೇ. ಹೊಸದೇನೂ ಅವನಿಗೆ ಬೇಕಿರಲಿಲ್ಲ, ಅವನ ಯಂತ್ರ ಸದಾ ಜಾಲಕ್ಕೆ ಜೋಡಿಕೊಂಡಿರುತ್ತದೆ, ಅಡಿಕೆ ಲೆಕ್ಕದ ಹಾಳೆಗಳು ಇದ್ದ ಜಾಗದಲ್ಲೇ ಇದ್ದರೆ ಅವನಿಗೆ ಸಾಕು. ಶಾಲೆಯ ಹತ್ತು ಯಂತ್ರಗಳಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಹೀಗೆ ಅವಧಿ ವಿಸ್ತರಿಸಿಕೊಂಡು ಉಳಿದವರಿಗೂ ಒಂದು ತೊಡಕಿದೆ. ಯಂತ್ರ ಬದಲಾಗದಿದ್ದರೂ ಸುತ್ತಲಿನ ಜಗತ್ತು ಬದಲಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಜಾಲತಾಣಗಳ ಗುರುತುಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲಪತ್ರದ ಅವಧಿ ಮುಗಿಯಿತು. ಓಪನ್‌ಎಸ್‌ಎಸ್‌ಎಲ್ 1.0.2 ಹಾಗೂ ಅದಕ್ಕಿಂತ ಹಳೆಯದನ್ನು ಬಳಸುತ್ತಿದ್ದ ಎಷ್ಟೋ ಯಂತ್ರಗಳು ಹಿಂದಿನ ದಿನ ತೆರೆಯುತ್ತಿದ್ದ ತಾಣಗಳನ್ನು ಮರುದಿನ ನಂಬಲೊಲ್ಲದೆ ನಿಂತವು. ಅವುಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಕ್ಯಾಲೆಂಡರ್ ಮಾತ್ರ. ಬ್ರೌಸರಿನ ವಿಷಯದಲ್ಲಿ ಎಲ್‌ಟಿಎಸ್ ತಯಾರಕರೇ ತಮ್ಮ ನಿಯಮವನ್ನು ಸಡಿಲಿಸಿ ಫೈರ್‌ಫಾಕ್ಸ್‌ನ ಹೊಸಹೊಸ ಆವೃತ್ತಿಗಳನ್ನು ಕೊಡುತ್ತಾರೆ. ಜಗತ್ತಿಗೆ ತೆರೆದಿರುವ ಆ ಬಾಗಿಲನ್ನು ಐದು ವರ್ಷ ಹಾಗೇ ಬಿಡಲಾಗದು.

ತೇಪೆಯ ಮಾತು ಕೊಟ್ಟವರು ಮಾತು ಬದಲಿಸುವುದೂ ಉಂಟು. ಸೆಂಟ್‌ಓಎಸ್ 8 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಗೆ 2029ರ ತನಕ ಬೆಂಬಲ ಎಂದು ಎಲ್ಲರೂ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ, ಅದು 2021ರ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಒಂಬತ್ತು ವರ್ಷದ ಲೆಕ್ಕ ಹಾಕಿ ಸರ್ವರ್ ಕಟ್ಟಿದವರಿಗೆ ಒಂದು ವರ್ಷ ಸಿಕ್ಕಿತು. ಕೊಟ್ಟ ಮಾತನ್ನು ಇಷ್ಟು ಕಾಲ ಯಾರು ಉಳಿಸಿಕೊಂಡು ಬಂದಿದ್ದಾರೆ ಎಂಬುದೂ ನಿರ್ಧಾರದ ಭಾಗವೇ.

ಇನ್ನು, ಹೋಗುವುದು ಖಚಿತವಾದರೆ ಯಾವಾಗ ಹೋಗಬೇಕು? ಬಿಡುಗಡೆಯ ದಿನವೇ ಹೋಗುವುದು ಬೇಡ. ಇದು ನನ್ನ ಹಠವಲ್ಲ, ಉಬುಂಟುವಿನದೇ ಪದ್ಧತಿ. ಹಳೆಯ ಎಲ್‌ಟಿಎಸ್‌ನಲ್ಲಿ ಇರುವವರಿಗೆ ಹೊಸ ಎಲ್‌ಟಿಎಸ್‌ನ ಸೂಚನೆ ಬರುವುದು ಅದರ ಮೊದಲ ತಿದ್ದುಪಡಿ ಬಂದ ಮೇಲೆ, ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ. 24.04ರ ವಿಷಯದಲ್ಲಿ ಆ ಎಚ್ಚರವೂ ಸಾಲದಾಯಿತು. 2024ರ ಆಗಸ್ಟ್ ಕೊನೆಗೆ 24.04.1 ಬಂತು, ಬೆನ್ನಿಗೇ ಅಪ್‌ಗ್ರೇಡ್ ಸಾಧನದಲ್ಲಿ ಗಂಭೀರ ದೋಷ ಕಂಡು ಸ್ವಲ್ಪ ಕಾಲ ದಾರಿಯನ್ನೇ ಮುಚ್ಚಬೇಕಾಯಿತು. ತಿಂಗಳೊಪ್ಪತ್ತು ಕಾದವರಿಗೆ ಇದು ಗೊತ್ತಾಗಲೂ ಇಲ್ಲ.

ಅದೇ 24.04 ಹುಟ್ಟುವ ಮೊದಲೇ ಒಂದು ಗಂಡಾಂತರದಿಂದ ಪಾರಾಗಿತ್ತು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ತಂತ್ರಜ್ಞರಿಗೆ ತಮ್ಮ ಪರೀಕ್ಷಾ ಯಂತ್ರದಲ್ಲಿ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಬಿಡದೆ ಬೆನ್ನುಹತ್ತಿ ಹೋದರು. ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ತಯಾರಿಯ ಹಂತದಲ್ಲಿದ್ದ 24.04ರ ಪೊಟ್ಟಣಗಳನ್ನು ಉಬುಂಟುವಿನವರು ಮತ್ತೆ ಕಟ್ಟಿದರು, ಅದರ ಬೀಟಾ ಒಂದು ವಾರ ಮುಂದೆ ಹೋಯಿತು. 22.04ರಲ್ಲಿ ಇದ್ದದ್ದು ಎಕ್ಸ್‌ಜೆಡ್‌ನ 5.2 ಸರಣಿ. ಅಲ್ಲಿದ್ದವರಿಗೆ ಏನೂ ಆಗಲಿಲ್ಲ. ಕಾಯುವುದರಿಂದ ಸಿಗುವ ಲಾಭಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕಾಯುವುದು ಮತ್ತು ಮರೆತುಬಿಡುವುದು ಮಾತ್ರ ಒಂದೇ ಅಲ್ಲ.

ಮಧ್ಯಾಹ್ನ ಮೇಡಂ ತಂದ ಅವಲಕ್ಕಿ ತಿಂದು, ಅವರ ಶಾಲೆಯ ಲೆಕ್ಕ ಹಾಕಲು ಕೂತೆವು. 20.04ರಿಂದ ನೇರವಾಗಿ 24.04ಕ್ಕೆ ಜಿಗಿಯಲಾಗದು, 22.04ರಲ್ಲಿ ಒಮ್ಮೆ ಇಳಿದೇ ಹೋಗಬೇಕು. ಅಂದರೆ ಹತ್ತು ಯಂತ್ರಗಳಿಗೆ ಇಪ್ಪತ್ತು ಅಪ್‌ಗ್ರೇಡ್, ಅದೂ ಹಾಟ್‌ಸ್ಪಾಟ್‌ನಲ್ಲಿ. ಆಗದ ಮಾತು. 22.04ಕ್ಕೇ ನಿಂತರೆ 2027ರ ಬೇಸಿಗೆಗೆ ಮತ್ತೆ ಇದೇ ಗೊಂದಲ. ಕಡಿಮೆ ಶಕ್ತಿಯ ಯಂತ್ರಗಳಿಗೆ ಹಗುರವಾದ ಷುಬುಂಟು 24.04 ಇದೆಯಲ್ಲ ಎಂದು ನನಗೆ ಹೊಳೆದಿತ್ತು. ಆದರೆ ಇಂಥ ಸೋದರ ಆವೃತ್ತಿಗಳಿಗೆ ಬೆಂಬಲ ಮೂರೇ ವರ್ಷ. ಅದೂ 2027ಕ್ಕೇ ಮುಗಿಯುತ್ತದೆ. ಎರಡು ಬೇರೆ ದಾರಿ ಹಿಡಿದರೂ ಬಂದು ನಿಲ್ಲುವ ಊರು ಒಂದೇ.

ನಾನು ಮನೆಯಿಂದಲೇ ಪೆನ್‌ಡ್ರೈವ್‌ನಲ್ಲಿ 24.04 ತುಂಬಿಕೊಂಡು ಹೋಗಿದ್ದೆ. ಡಿಸ್ಕಿಗೆ ಕೈ ಹಚ್ಚದೆ ಪೆನ್‌ಡ್ರೈವ್‌ನಿಂದಲೇ ಯಂತ್ರ ನಡೆಸಿ ನೋಡುವ ಸೌಲಭ್ಯ ಇದೆ. ನಿರ್ಧಾರಕ್ಕೆ ಮೊದಲು ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು. ಕಿಟಕಿಯ ಪಕ್ಕದ ಏಳನೇ ಯಂತ್ರದಲ್ಲಿ ನಡೆಸಿದೆವು. ಪ್ರೊಜೆಕ್ಟರ್ ಮೂಡಿತು, ಸದ್ದು ಬಂತು. ಕಗಪ ಕೀಲಿಮಣೆ ಜೋಡಿಸಿ ಮೇಡಂ 'ಕಾರ್ಯ' ಎಂದೂ 'ರ‍್ಯಾಂಕ್' ಎಂದೂ ಹೊಡೆದು ನೋಡಿದರು. ಕಾರ್ಯದಲ್ಲಿ ಅರ್ಕಾವತ್ತು ಬರಬೇಕು, ರ‍್ಯಾಂಕಿನಲ್ಲಿ ರಕಾರದ ಕೆಳಗೆ ಯಕಾರದ ಒತ್ತು ಬರಬೇಕು. ಒಳಗಿನ ಅಕ್ಷರಗಳು ಒಂದೇ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಕದ ವ್ಯತ್ಯಾಸ. ಎರಡೂ ಸರಿಯಾಗಿ ಮೂಡಿದವು. "ಇಷ್ಟು ಸರಿ ಇದ್ರೆ ನನಗೆ ಉಳಿದದ್ದರ ಚಿಂತೆ ಇಲ್ಲ," ಅಂದರು.

ಕೈಕೊಟ್ಟದ್ದು ಹಳೆಯ ಲೇಸರ್ ಪ್ರಿಂಟರ್. ಚಾಲೂ ಮಾಡಿದಾಗಲೆಲ್ಲ ಅದರ ತಲೆಗೆ ಕಂಪ್ಯೂಟರಿನಿಂದ ಸಣ್ಣ ತಂತ್ರಾಂಶವೊಂದನ್ನು ತುಂಬಬೇಕು. ಆ ತಂತ್ರಾಂಶ ಡ್ರೈವರಿನ ಆವೃತ್ತಿಗೆ ಸರಿಹೊಂದುವುದೇ ಆಗಿರಬೇಕು. ಡ್ರೈವರ್ ಹೊಸದಾದ ಕೂಡಲೇ ಪ್ರಿಂಟರ್ ಮೂಕವಾಯಿತು. ಸರಿಹೊಂದುವುದನ್ನು ಇಳಿಸಿಕೊಂಡು ತುಂಬಿದ ಮೇಲೆ ಹಾಳೆ ಹೊರಬಂತು. ಅಂಕಪಟ್ಟಿ ಮುದ್ರಿಸಬೇಕಾದ ದಿನ ಹೀಗಾಗಿದ್ದರೆ ಎಂದು ಯೋಚಿಸಿ ನೋಡಿ. ಅಪ್‌ಗ್ರೇಡಿಗೆ ರಜೆಯ ದಿನವನ್ನೇ ಆರಿಸಿಕೊಳ್ಳಬೇಕು ಎನ್ನುವುದು ಅದಕ್ಕೇ.

ಇನ್ನೊಂದು ಅಡಚಣೆ ವೇಗದ್ದು. ಒಂಬತ್ತು ಯಂತ್ರಗಳಲ್ಲಿ 4 ಜಿಬಿ ಮೆಮೊರಿ, ತಿರುಗುವ ಹಳೆಯ ಹಾರ್ಡ್‌ಡಿಸ್ಕ್. ಪ್ರಯೋಗಕ್ಕೆಂದು ಅವುಗಳಲ್ಲೊಂದರ ಮೇಲೆ 24.04 ಸ್ಥಾಪಿಸಿ ನೋಡಿದರೆ ಫೈರ್‌ಫಾಕ್ಸ್ ತೆರೆಯಲು ಒಂದು ನಿಮಿಷದ ಮೇಲಾಯಿತು. ಉಬುಂಟು 22.04ರಿಂದೀಚೆಗೆ ಅದನ್ನು ಸ್ನ್ಯಾಪ್ ಎಂಬ ಮುಚ್ಚಿದ ಡಬ್ಬಿಯ ರೂಪದಲ್ಲಿ ಕೊಡುತ್ತಿದೆ, ನಿಧಾನದ ಡಿಸ್ಕಿಗೆ ಅದು ಭಾರ. ನನ್ನ ಲ್ಯಾಪ್‌ಟಾಪಿನ ಹಳೆಯ ಎಸ್‌ಎಸ್‌ಡಿ ಒಂದು ಚೀಲದಲ್ಲಿತ್ತು. ಅದನ್ನೇ ಏಳನೇ ಯಂತ್ರಕ್ಕೆ ಜೋಡಿಸಿ ಮತ್ತೆ ಸ್ಥಾಪಿಸಿದೆ. ಮೇಡಂ ಮುಖ ಅರಳಿತು. ಶಾಲಾಭಿವೃದ್ಧಿ ಸಮಿತಿಯ ಮುಂದೆ ಅವರು ಹಳೆಯ ಡಿಸ್ಕಿನ ಆ ಯಂತ್ರವನ್ನೂ ಏಳನೆಯದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರಂತೆ. ಮರುವಾರ ಎಂಟು ಎಸ್‌ಎಸ್‌ಡಿಗಳು ಬಂದವು, ನಾನು ಮತ್ತೆ ಹೋದೆ. ಹೊಸ ಯಂತ್ರ ಕೊಳ್ಳುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹತ್ತನೆಯದು ಎಲ್ಲಕ್ಕಿಂತ ಹಳೆಯದು, 2 ಜಿಬಿ ಮೆಮೊರಿಯದು. ಅದನ್ನು 20.04ರಲ್ಲೇ ಬಿಟ್ಟೆವು. ಮಕ್ಕಳು ಕನ್ನಡ ಬೆರಳಚ್ಚು ಕಲಿಯಲು ಅಷ್ಟು ಸಾಕು. ಆದರೆ ತೇಪೆ ಬಾರದ ಯಂತ್ರ ಜಾಲದಲ್ಲಿ ಇರಬಾರದು ಎಂದು ಅದರ ವೈಫೈ ಕಡ್ಡಿಯನ್ನೇ ಕಿತ್ತು ಮೇಡಂ ಕೈಗೆ ಕೊಟ್ಟೆ.

ಉಳಿದ ಒಂಬತ್ತಕ್ಕೆ ಮಕ್ಕಳ ಚಿತ್ರಗಳು, ಪ್ರಬಂಧಗಳು, ಪ್ರಶ್ನೆಪತ್ರಿಕೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, 24.04 ಹೊಸದಾಗಿಯೇ ಸ್ಥಾಪಿಸಿದೆವು. ಹಾಟ್‌ಸ್ಪಾಟ್‌ನ ಸಮಸ್ಯೆಗೂ ಒಂದು ದಾರಿ ಸಿಕ್ಕಿತು. ಮೊದಲ ಯಂತ್ರದಲ್ಲಿ ಆಪ್ಟ್-ಕ್ಯಾಚರ್ ಎಂಬ ತಂತ್ರಾಂಶ ಹಾಕಿದೆವು. ಆಪ್ಟ್ ಮೂಲಕ ಬರುವ ತೇಪೆ ಒಮ್ಮೆ ಅಲ್ಲಿಗೆ ಇಳಿದರೆ ಸಾಕು, ಉಳಿದ ಎಂಟು ಅದರಿಂದಲೇ ತೆಗೆದುಕೊಳ್ಳುತ್ತವೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮೊಬೈಲನ್ನು ಅಲ್ಲೇ ಇಟ್ಟಿರುತ್ತೇನೆ ಎಂದು ಮೇಡಂ ಒಪ್ಪಿಕೊಂಡರು.

ಹೊರಡುವ ಮುಂಚೆ ಅವರು ಬಿಳಿ ಕಾಗದ ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂಬತ್ತು ಪರದೆಗಳ ಅಂಚಿಗೂ ಅಂಟಿಸಿದರು: "ತೇಪೆ 2029ರ ಬೇಸಿಗೆಯ ತನಕ." ಹತ್ತನೆಯದಕ್ಕೆ ಕೆಂಪು ಶಾಯಿ: "ಇದಕ್ಕೆ ತೇಪೆ ಇಲ್ಲ. ನೆಟ್ ಬೇಡ, ಪೆನ್‌ಡ್ರೈವ್ ಬೇಡ." ಆಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ, "ಅಷ್ಟೊತ್ತಿಗೆ ನನಗೆ ವರ್ಗ ಆಗಿರ್ತದೆ ಸರ್," ಅಂದರು. ಕಪಾಟಿನಿಂದ ದಾಸ್ತಾನು ವಹಿ ತೆಗೆದರು. ಕಂಪ್ಯೂಟರ್ 10, ಕುರ್ಚಿ 20, ಪ್ರಿಂಟರ್ 1 ಎಂದಿದ್ದ ಪುಟದ ಕೊನೆಗೆ, ಮುಂದೆ ಚಾರ್ಜ್ ವಹಿಸಿಕೊಳ್ಳುವವರ ಗಮನಕ್ಕೆ ಎಂದು ಬರೆದು, ಅದೇ ಎರಡು ಸಾಲುಗಳನ್ನು ದಿನಾಂಕದೊಂದಿಗೆ ನಮೂದಿಸಿ ಸಹಿ ಮಾಡಿದರು.